ಹರಡಿದ ಕ್ಯಾನ್ಸರ್: ಔಷಧವಿದೆ, ದಾರಿಯಿಲ್ಲ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಳ್ಳಿಯೊಂದರಲ್ಲಿ ಹೆಣ್ಣುಮಗಳೊಬ್ಬರಿಗೆ ಗರ್ಭಕೋಶದ ಕ್ಯಾನ್ಸರ್ ಬಂದಿದೆಯೆಂದೂ ಅದು ಬೇರೆ ಅಂಗಗಳಿಗೆ ‘ಹರಡಿದೆ’ಯೆಂದೂ ತಿಳಿದರೆ, ಆ ಒಂದು ಮಾತಿನೊಂದಿಗೆ ಚಿಕಿತ್ಸೆಯ ಮಾತು ಮುಗಿದುಹೋಗುವುದೇ ಹೆಚ್ಚು. ನೆಂಟರಿಷ್ಟರು ಬಂದು ನೋಡಿಕೊಂಡು ಹೋಗುತ್ತಾರೆ. ಯಾರೋ ನಾಟಿ ಔಷಧ ಕೊಡುವವರ ವಿಳಾಸ ಹೇಳುತ್ತಾರೆ. ಇನ್ನು ಕೆಲವು ಕುಟುಂಬಗಳು ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿಯುತ್ತವೆ. ನಾಲೆಯ ಬಯಲಿನಲ್ಲಿರುವ ಅರ್ಧ ಎಕರೆ ಗದ್ದೆಯನ್ನು ಭೋಗ್ಯಕ್ಕೆ ಹಾಕಿ, ಸಾಲದ ಮೇಲೆ ಸಾಲ ಮಾಡಿ, ಒಂದಾದ ಮೇಲೊಂದು ಆಸ್ಪತ್ರೆ ಸುತ್ತಿ, ಹಣ ಮುಗಿದ ದಿನ ಊರಿಗೆ ಹಿಂದಿರುಗುತ್ತವೆ. ಕೈಚೆಲ್ಲುವುದು ಮತ್ತು ಮನೆಮಾರು ಕಳೆದುಕೊಳ್ಳುವುದು, ಇವೆರಡರ ನಡುವೆ ಮೂರನೆಯ ದಾರಿಯೊಂದು ಸಾಧ್ಯವಿದೆ. ಅದನ್ನು ಕಟ್ಟಿಕೊಡುವುದು ಸರ್ಕಾರದ ಕೈಯಲ್ಲಿದೆ.

ನಾನು ವೈದ್ಯನಲ್ಲ. ಅರ್ಥಶಾಸ್ತ್ರ ಓದಿ, ಸರ್ಕಾರಿ ಸೇವೆಯಲ್ಲಿ ವೃತ್ತಿಜೀವನ ಕಳೆದವನು. ಯಾವ ರೋಗಿಗೆ ಯಾವ ಔಷಧ ಎಂಬ ತೀರ್ಮಾನ ತಜ್ಞವೈದ್ಯರಿಗೆ ಸೇರಿದ್ದು. ಆದರೆ ಸಾರ್ವಜನಿಕ ಹಣವನ್ನು ಯಾವ ಅನುಕ್ರಮದಲ್ಲಿ ಖರ್ಚು ಮಾಡಿದರೆ ಹೆಚ್ಚು ಜನರಿಗೆ ಹೆಚ್ಚು ಪ್ರಯೋಜನವಾದೀತು ಎಂಬುದು ಆಡಳಿತದ ಪ್ರಶ್ನೆ. ಅದನ್ನು ಕೇಳುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗೂ ಇದೆ. ನನ್ನ ವಾದ ಇಷ್ಟೇ: ಹರಡಿದ ಗರ್ಭಕೋಶದ ಕ್ಯಾನ್ಸರಿಗೆ ಇಂದು ಹಲವು ಚಿಕಿತ್ಸೆಗಳಿವೆ. ಅವುಗಳಲ್ಲಿ ಯಾವುದು ತಕ್ಕದ್ದೆಂದು ತಿಳಿಸುವ ಅಗ್ಗದ ಪರೀಕ್ಷೆ, ಊರಿಗೆ ಸಮೀಪದಲ್ಲೇ ಕಿಮೊಥೆರಪಿ, ಮೊದಲ ದಿನದಿಂದಲೇ ನೋವುಶಮನ, ಈ ಮೂರನ್ನು ಸರ್ಕಾರ ಎಲ್ಲರಿಗೂ ಒದಗಿಸಬೇಕು. ಅನಂತರ ದುಬಾರಿ ಔಷಧವನ್ನು, ಅದರಿಂದ ನಿಜವಾಗಿ ದೊಡ್ಡ ಪ್ರಯೋಜನ ಪಡೆಯುವವರಿಗೆ ತಾನೇ ಕೊಡಬೇಕು.

‘ಹರಡಿದೆ’ ಎಂದರೆ ಏನು?

ಗರ್ಭಕೋಶದ ಒಳಪದರದಲ್ಲಿ ಹುಟ್ಟುವ ಈ ಕ್ಯಾನ್ಸರನ್ನು ನಮ್ಮಲ್ಲಿ ಹೆಚ್ಚು ಪರಿಚಿತವಾದ ಗರ್ಭಕೊರಳಿನ ಕ್ಯಾನ್ಸರ್ ಎಂದು ಭಾವಿಸುವವರೇ ಅಧಿಕ. ಎರಡೂ ಬೇರೆ. ಗರ್ಭಕೊರಳಿನ ಕ್ಯಾನ್ಸರಿಗೆ ವೈರಾಣುವೊಂದು ಮುಖ್ಯ ಕಾರಣ. ಅದಕ್ಕೆ ಲಸಿಕೆಯಿದೆ, ಮುಂಚಿತವಾಗಿ ಪತ್ತೆಹಚ್ಚುವ ಸರಳ ತಪಾಸಣೆಯಿದೆ. ಒಳಪದರದ ಕ್ಯಾನ್ಸರಿಗೆ ಅಂಥ ಲಸಿಕೆಯೂ ಇಲ್ಲ, ಸಾಮೂಹಿಕ ತಪಾಸಣೆಯೂ ಇಲ್ಲ. ಬೊಜ್ಜು, ಮಧುಮೇಹ, ಪ್ರೊಜೆಸ್ಟರಾನಿನ ತಡೆಯಿಲ್ಲದೆ ದೀರ್ಘಕಾಲ ದೇಹದಲ್ಲಿ ಉಳಿಯುವ ಈಸ್ಟ್ರೊಜೆನ್ ಹಾರ್ಮೋನು, ಇವು ಅದಕ್ಕೆ ಎಡೆಮಾಡಿಕೊಡುತ್ತವೆ. 2020ರ ಜಾಗತಿಕ ಅಂದಾಜಿನ ಪ್ರಕಾರ ಆ ವರ್ಷ ಭಾರತದಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಮಹಿಳೆಯರಲ್ಲಿ ಗರ್ಭಕೋಶದ ಕ್ಯಾನ್ಸರ್ ಪತ್ತೆಯಾಯಿತು. ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳ ಮುಂದೆ ಈ ಸಂಖ್ಯೆ ಚಿಕ್ಕದು. ಆದರೆ ಆಯುಷ್ಯ ಮತ್ತು ತೂಕ ಎರಡೂ ಏರುತ್ತಿರುವ ಸಮಾಜದಲ್ಲಿ ಅದು ಏರುವ ಸಂಖ್ಯೆಯೇ ಹೊರತು ಇಳಿಯುವುದಲ್ಲ.

ಅದೃಷ್ಟವಶಾತ್ ಈ ರೋಗ ಗುಟ್ಟಾಗಿ ಬೆಳೆಯುವುದು ಕಡಿಮೆ. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಳ್ಳುವುದು ಅದರ ಮೊದಲ ಸೂಚನೆ. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಈ ಸೂಚನೆ ದೊರೆಯುತ್ತದೆ. ಹಾಗೆ ರಕ್ತಸ್ರಾವವಾದವರೆಲ್ಲರಿಗೂ ಕ್ಯಾನ್ಸರ್ ಇರುತ್ತದೆಂದಲ್ಲ. ಹತ್ತರಲ್ಲಿ ಒಬ್ಬರಿಗೆ ಇದ್ದೀತು. ಆ ಒಬ್ಬರನ್ನು ಗುರುತಿಸಲು ಒಂದು ಸ್ಕ್ಯಾನಿಂಗು ಮತ್ತು ತೆಳುವಾದ ಕೊಳವೆಯಿಂದ ಒಳಪದರದ ಚೂರು ತೆಗೆದು ಮಾಡುವ ಪರೀಕ್ಷೆ ಸಾಕು. ಆದರೆ ಕಬ್ಬಿನ ಗದ್ದೆಯಲ್ಲಿಯೋ ರೇಷ್ಮೆ ಹುಳುವಿನ ಮನೆಯಲ್ಲಿಯೋ ದಿನವಿಡೀ ದುಡಿಯುವ ಐವತ್ತೈದು ಅರವತ್ತರ ಹೆಂಗಸು, ‘ವಯಸ್ಸಾದ ಮೇಲೆ ಮತ್ತೆ ಮುಟ್ಟಾಯಿತು’ ಎಂದು ಸೊಸೆಯ ಮುಂದಾಗಲಿ ಮಗನ ಮುಂದಾಗಲಿ ಹೇಳಿಕೊಳ್ಳಲು ನಾಚುತ್ತಾರೆ. ಹೇಳಿಕೊಂಡಾಗ ತಿಂಗಳುಗಳು ಕಳೆದಿರುತ್ತವೆ.

ಆ ತಿಂಗಳುಗಳಿಗೆ ತೆರುವ ಬೆಲೆ ದೊಡ್ಡದು. ಅಮೆರಿಕದ ಅಂಕಿ ಅಂಶಗಳನ್ನೇ ನೋಡುವುದಾದರೆ, ರೋಗ ಗರ್ಭಕೋಶದೊಳಗೇ ಇದ್ದಾಗ ಪತ್ತೆಯಾದವರಲ್ಲಿ ಸುಮಾರು ಶೇ 95 ಮಂದಿ ಐದು ವರ್ಷ ದಾಟುತ್ತಾರೆ. ಅಕ್ಕಪಕ್ಕದ ಅಂಗಗಳಿಗೂ ದುಗ್ಧಗ್ರಂಥಿಗಳಿಗೂ ವ್ಯಾಪಿಸಿದ್ದರೆ ಈ ಪ್ರಮಾಣ ಶೇ 70ರ ಆಸುಪಾಸಿಗೆ ಇಳಿಯುತ್ತದೆ. ಶ್ವಾಸಕೋಶ, ಯಕೃತ್ತು, ಮೂಳೆಯಂಥ ದೂರದ ಭಾಗಗಳಿಗೆ ಹೋಗಿದ್ದರೆ ಶೇ 20ಕ್ಕಿಂತ ಕೆಳಕ್ಕೆ ಬರುತ್ತದೆ.

ಈ ಅಂಕಿಗಳಲ್ಲಿ ಗಮನಿಸಬೇಕಾದ ಅಂಶವೊಂದಿದೆ. ‘ಹರಡಿದೆ’ ಎಂಬ ಒಂದೇ ಪದ ಎರಡು ಬೇರೆ ಬೇರೆ ಸ್ಥಿತಿಗಳನ್ನು ಮುಚ್ಚಿಡುತ್ತದೆ. ಅಂಡಾಶಯಕ್ಕೋ ಕಿಬ್ಬೊಟ್ಟೆಯ ದುಗ್ಧಗ್ರಂಥಿಗಳಿಗೋ ವ್ಯಾಪಿಸಿದ ಮೂರನೆಯ ಹಂತದಲ್ಲಿ ಗುಣವಾಗುವ ಗುರಿಯನ್ನೇ ಇಟ್ಟುಕೊಂಡು ಚಿಕಿತ್ಸೆ ಮಾಡಲಾಗುತ್ತದೆ. ನಾಲ್ಕನೆಯ ಹಂತದಲ್ಲಿ ರೋಗವನ್ನು ಹಿಡಿತದಲ್ಲಿಟ್ಟು ಆಯುಷ್ಯವನ್ನೂ ನೆಮ್ಮದಿಯನ್ನೂ ಹೆಚ್ಚಿಸುವುದು ಸಾಮಾನ್ಯವಾಗಿ ಗುರಿಯಾಗಿರುತ್ತದೆ. ಎರಡನ್ನೂ ಒಂದೇ ಎಂದು ಬಗೆದು ಮನೆಗೆ ಕರೆದೊಯ್ದರೆ, ಉಳಿಯಬಹುದಾಗಿದ್ದ ಜೀವಗಳೂ ಹೋಗುತ್ತವೆ. ಆದ್ದರಿಂದ ಮನೆಯವರು ವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ, ‘ಎಲ್ಲಿಗೆ ಹರಡಿದೆ, ಯಾವ ಹಂತ?’ ಎಂಬುದು.

ಹಳೆಯ ನಾಲ್ಕು ವಿಧಾನಗಳು

ದಶಕಗಳಿಂದ ಬಳಕೆಯಲ್ಲಿರುವ ಚಿಕಿತ್ಸೆಗಳು ನಾಲ್ಕು. ಮೊದಲನೆಯದು ಶಸ್ತ್ರಚಿಕಿತ್ಸೆ. ಗರ್ಭಕೋಶ, ಅಂಡಾಶಯ, ಅಂಡನಾಳಗಳನ್ನು ತೆಗೆಯುವುದರ ಜೊತೆಗೆ, ಹೊಟ್ಟೆಯೊಳಗೆ ಕಣ್ಣಿಗೆ ಕಾಣುವ ಗಡ್ಡೆಗಳನ್ನೆಲ್ಲ ತೆಗೆಯಲು ಸಾಧ್ಯವಾದರೆ ಮಾತ್ರ ಹರಡಿದ ಹಂತದಲ್ಲಿ ಅದರಿಂದ ಹೆಚ್ಚಿನ ಉಪಯೋಗ. ಸಾಧ್ಯವಿಲ್ಲವೆಂದು ಕಂಡರೆ ಮೊದಲು ಔಷಧ ಕೊಟ್ಟು ಗಡ್ಡೆ ಕುಗ್ಗಿಸಿ, ಆಮೇಲೆ ಶಸ್ತ್ರಚಿಕಿತ್ಸೆ ಮಾಡುವುದೂ ಉಂಟು.

ಎರಡನೆಯದು ವಿಕಿರಣ. ಮೂರನೆಯ ಹಂತದಲ್ಲಿ ಇದನ್ನು ಕಿಮೊಥೆರಪಿಯೊಡನೆ ಸೇರಿಸಿ ಕೊಡುವುದರ ಫಲವನ್ನು ಯೂರೋಪಿನ ನೇತೃತ್ವದಲ್ಲಿ ನಡೆದ ಅಧ್ಯಯನವೊಂದು ಅಳೆಯಿತು. 2019ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ವಿಕಿರಣ ಮಾತ್ರ ಪಡೆದವರಲ್ಲಿ ಐದು ವರ್ಷ ಬದುಕಿದವರು ಶೇ 68.5, ಕಿಮೊಥೆರಪಿಯನ್ನೂ ಪಡೆದವರಲ್ಲಿ ಶೇ 78.5. ನೂರು ಮಂದಿಯಲ್ಲಿ ಹತ್ತು ಹೆಚ್ಚು ಜೀವ ಎಂಬುದು ಯಾವ ಲೆಕ್ಕದಲ್ಲೂ ಸಣ್ಣದಲ್ಲ. ನಾಲ್ಕನೆಯ ಹಂತದಲ್ಲಿ ವಿಕಿರಣದ ಪಾತ್ರ ಬೇರೆ: ನಿಲ್ಲದ ರಕ್ತಸ್ರಾವವನ್ನು ನಿಲ್ಲಿಸಲು, ಮೂಳೆಯ ನೋವನ್ನು ತಗ್ಗಿಸಲು ಕೆಲವೇ ದಿನಗಳ, ಎಷ್ಟೋ ವೇಳೆ ಒಂದೇ ದಿನದ ವಿಕಿರಣ ಸಾಕಾಗುತ್ತದೆ.

ಮೂರನೆಯದು ಕಿಮೊಥೆರಪಿ. ಕಾರ್ಬೊಪ್ಲಾಟಿನ್ ಮತ್ತು ಪ್ಯಾಕ್ಲಿಟಾಕ್ಸೆಲ್ ಎಂಬ ಎರಡು ಔಷಧಗಳನ್ನು ಮೂರು ವಾರಗಳಿಗೊಮ್ಮೆಯಂತೆ ಸಾಮಾನ್ಯವಾಗಿ ಆರು ಬಾರಿ ರಕ್ತನಾಳದ ಮೂಲಕ ಕೊಡುತ್ತಾರೆ. ಮೊದಲು ಮೂರು ಔಷಧಗಳ ಹೆಚ್ಚು ಕಠಿಣವಾದ ಜೋಡಣೆಯಿತ್ತು. ಎರಡೇ ಔಷಧಗಳ ಜೋಡಣೆ ಅದಕ್ಕಿಂತ ಕಡಿಮೆಯೇನಲ್ಲ, ದೇಹಕ್ಕೆ ಹಗುರ ಎಂದು 1,300ಕ್ಕೂ ಹೆಚ್ಚು ಮಹಿಳೆಯರು ಪಾಲ್ಗೊಂಡ ಅಮೆರಿಕದ ಅಧ್ಯಯನ 2020ರಲ್ಲಿ ದೃಢಪಡಿಸಿತು. ಈ ಎರಡೂ ಔಷಧಗಳ ಪೇಟೆಂಟ್ ಎಂದೋ ಮುಗಿದಿದೆ. ಭಾರತೀಯ ಕಂಪನಿಗಳೇ ಅವನ್ನು ತಯಾರಿಸುತ್ತವೆ. ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಎರಡೂ ಇವೆ. ಇಲ್ಲಿ ಔಷಧದ ಬೆಲೆ ತಡೆಗೋಡೆಯಲ್ಲ.

ನಾಲ್ಕನೆಯದು ಹಾರ್ಮೋನ್ ಚಿಕಿತ್ಸೆ. ನಿಧಾನವಾಗಿ ಬೆಳೆಯುವ, ಹಾರ್ಮೋನಿಗೆ ಸ್ಪಂದಿಸುವ ಗಡ್ಡೆಗಳಲ್ಲಿ ಮೆಜೆಸ್ಟ್ರಾಲ್‌ನಂಥ ಮಾತ್ರೆಗಳು ಸುಮಾರು ನಾಲ್ಕೈದು ಮಂದಿಯಲ್ಲಿ ಒಬ್ಬರಿಗೆ ರೋಗವನ್ನು ಕುಗ್ಗಿಸುತ್ತವೆ. ರಕ್ತ ಹೆಪ್ಪುಗಟ್ಟುವ ಅಪಾಯದ ಮೇಲೆ ಕಣ್ಣಿಡಬೇಕು. ಆದರೂ ವಯಸ್ಸಾದ, ಕಿಮೊಥೆರಪಿ ತಡೆದುಕೊಳ್ಳಲಾರದ ತಾಯಂದಿರಿಗೆ ಮನೆಯಲ್ಲೇ ಕುಳಿತು ನುಂಗಬಹುದಾದ ಈ ಅಗ್ಗದ ಮಾತ್ರೆ ಗೌರವಾನ್ವಿತವಾದ ಚಿಕಿತ್ಸೆಯೇ. ದುಬಾರಿಯಲ್ಲ ಎಂಬ ಕಾರಣಕ್ಕೆ ಅದನ್ನು ಕೀಳೆಂದು ಭಾವಿಸಬೇಕಿಲ್ಲ.

ನಾಲ್ಕು ಪ್ರೋಟೀನುಗಳ ಪರೀಕ್ಷೆ

ಕಳೆದ ಒಂದೂವರೆ ದಶಕದಲ್ಲಿ ಈ ರೋಗದ ತಿಳಿವಳಿಕೆಯೇ ಬದಲಾಗಿದೆ. ಸೂಕ್ಷ್ಮದರ್ಶಕದಲ್ಲಿ ಒಂದೇ ತೆರನಾಗಿ ಕಾಣುವ ಗಡ್ಡೆಗಳು ವಂಶವಾಹಿಗಳ ಮಟ್ಟದಲ್ಲಿ ನಾಲ್ಕು ಬೇರೆ ಬೇರೆ ಗುಂಪುಗಳಿಗೆ ಸೇರುತ್ತವೆಂದು ಅಮೆರಿಕದ ವಿಜ್ಞಾನಿಗಳ ತಂಡ 2013ರಲ್ಲಿ ತೋರಿಸಿತು. ಈ ನಾಲ್ಕರಲ್ಲಿ ಒಂದು ಗುಂಪು ನಮ್ಮ ಚರ್ಚೆಗೆ ಬಹಳ ಮುಖ್ಯ.

ಜೀವಕೋಶ ಇಬ್ಭಾಗವಾಗುವಾಗ ಅದರ ಡಿಎನ್‌ಎಯ ನಕಲು ತಯಾರಾಗುತ್ತದೆ. ಕಚೇರಿಯಲ್ಲಿ ಬೆರಳಚ್ಚಾದ ಪ್ರತಿಯನ್ನು ಮೂಲದೊಡನೆ ತಾಳೆ ನೋಡಿ ತಪ್ಪು ತಿದ್ದುವ ಗುಮಾಸ್ತನಂತೆ, ಈ ನಕಲಿನ ತಪ್ಪುಗಳನ್ನು ತಿದ್ದುವ ಪ್ರೋಟೀನುಗಳು ಜೀವಕೋಶದಲ್ಲಿವೆ. ಗರ್ಭಕೋಶದ ಒಳಪದರದ ಕ್ಯಾನ್ಸರುಗಳಲ್ಲಿ ನಾಲ್ಕನೆಯ ಒಂದು ಭಾಗಕ್ಕೂ ತುಸು ಹೆಚ್ಚಿನವುಗಳಲ್ಲಿ ಈ ತಿದ್ದುವ ವ್ಯವಸ್ಥೆಯೇ ಕೆಟ್ಟಿರುತ್ತದೆ. ತಪ್ಪುಗಳು ರಾಶಿಬಿದ್ದ ಅಂಥ ಜೀವಕೋಶ ದೇಹದ ರೋಗನಿರೋಧಕ ಶಕ್ತಿಗೆ ಪರಕೀಯವಾಗಿ ಕಾಣತೊಡಗುತ್ತದೆ. ಆದರೆ ಗಡ್ಡೆ ಆ ಶಕ್ತಿಗೆ ಬ್ರೇಕ್ ಹಾಕಿ ಕೂರಿಸಿರುತ್ತದೆ. ಇಮ್ಯುನೊಥೆರಪಿ ಎಂಬ ಹೊಸ ಔಷಧಗಳು ಮಾಡುವ ಕೆಲಸ ಆ ಬ್ರೇಕನ್ನು ತೆಗೆಯುವುದು.

ಫಲಿತಾಂಶ ಹೇಗಿದೆ? 2023ರ ಮಾರ್ಚ್‌ನಲ್ಲಿ ಎರಡು ದೊಡ್ಡ ಅಧ್ಯಯನಗಳ ವರದಿ ಒಟ್ಟಿಗೆ ಹೊರಬಿದ್ದಿತು. ಹರಡಿದ ಅಥವಾ ಮರುಕಳಿಸಿದ ರೋಗವಿದ್ದು, ತಿದ್ದುವ ವ್ಯವಸ್ಥೆ ಕೆಟ್ಟಿರುವ ಮಹಿಳೆಯರಿಗೆ ಕಿಮೊಥೆರಪಿಯೊಡನೆ ಡೊಸ್ಟಾರ್ಲಿಮಾಬ್ ಕೊಟ್ಟಾಗ, ಎರಡು ವರ್ಷಗಳ ನಂತರವೂ ರೋಗ ಮುಂದುವರಿಯದೆ ಇದ್ದವರು ಶೇ 61. ಕಿಮೊಥೆರಪಿ ಮಾತ್ರ ಪಡೆದವರಲ್ಲಿ ಶೇ 16. ಇನ್ನೊಂದು ಅಧ್ಯಯನದಲ್ಲಿ ಪೆಂಬ್ರೊಲಿಜುಮಾಬ್ ಪಡೆದ ಇದೇ ಗುಂಪಿನವರಲ್ಲಿ ಒಂದು ವರ್ಷದ ನಂತರ ರೋಗ ಹಿಡಿತದಲ್ಲಿದ್ದವರು ಶೇ 74. ಪಡೆಯದವರಲ್ಲಿ ಶೇ 38. ಕೊನೆಯ ಹಂತವೆಂದು ಕರೆಯಲಾಗುತ್ತಿದ್ದ ರೋಗದಲ್ಲಿ ಇಂಥ ಅಂತರ ಅಪರೂಪ.

ಉಳಿದ ಮುಕ್ಕಾಲು ಭಾಗದವರ ಚಿತ್ರ ಬೇರೆ. ತಿದ್ದುವ ವ್ಯವಸ್ಥೆ ಸರಿಯಿರುವವರಲ್ಲಿ ಅದೇ ಪೆಂಬ್ರೊಲಿಜುಮಾಬ್ ರೋಗ ಮುಂದುವರಿಯುವ ಮಧ್ಯಮ ಅವಧಿಯನ್ನು ಸುಮಾರು 9 ತಿಂಗಳಿನಿಂದ 13 ತಿಂಗಳಿಗೆ ವಿಸ್ತರಿಸಿತು. ಕಿಮೊಥೆರಪಿ ವಿಫಲವಾದ ಮೇಲೆ ಲೆನ್ವಾಟಿನಿಬ್ ಮಾತ್ರೆಯೊಡನೆ ಅದನ್ನು ಕೊಟ್ಟಾಗ ಈ ಗುಂಪಿನವರ ಮಧ್ಯಮ ಆಯುಷ್ಯ ಸುಮಾರು 12 ತಿಂಗಳಿನಿಂದ 17 ತಿಂಗಳಿಗೆ ಏರಿತು. ರಕ್ತದೊತ್ತಡ ಮೊದಲಾದ ಅಡ್ಡಪರಿಣಾಮಗಳೂ ಹೆಚ್ಚಿದ್ದವು. ಲಾಭ ಇದೆ, ಆದರೆ ಅದು ತಿಂಗಳುಗಳ ಲೆಕ್ಕದಲ್ಲಿದೆ.

ಗರ್ಭಕೋಶದ ಕ್ಯಾನ್ಸರುಗಳಲ್ಲಿ ಸೀರಸ್ ಎಂಬ ಉಗ್ರ ಬಗೆಯೊಂದಿದೆ. ಅದರಲ್ಲಿ ಕೆಲವರ ಗಡ್ಡೆಯಲ್ಲಿ ಹರ್-2 ಎಂಬ ಪ್ರೋಟೀನು ಅಧಿಕವಾಗಿರುತ್ತದೆ. ಅಂಥವರಿಗೆ ಕಿಮೊಥೆರಪಿಯೊಡನೆ ಟ್ರಾಸ್ಟುಜುಮಾಬ್ ಕೊಟ್ಟಾಗ ರೋಗ ಹಿಡಿತದಲ್ಲಿರುವ ಅವಧಿ 8 ತಿಂಗಳಿನಿಂದ 12.6 ತಿಂಗಳಿಗೆ ಏರಿತೆಂದು 2018ರ ಸಣ್ಣ ಅಧ್ಯಯನವೊಂದು ತಿಳಿಸಿತು. ಸ್ತನ ಕ್ಯಾನ್ಸರಿಗಾಗಿ ಬಂದ ಈ ವಿದೇಶಿ ಔಷಧದ ಸಮಾನರೂಪವನ್ನು ಬೆಂಗಳೂರಿನ ಬಯೋಕಾನ್ ಕಂಪನಿ 2014ರಲ್ಲಿ ಕಡಿಮೆ ಬೆಲೆಗೆ ಮಾರುಕಟ್ಟೆಗೆ ತಂದಿತು ಎಂಬುದನ್ನು ಇಲ್ಲಿ ನೆನೆಯಬೇಕು. ದುಬಾರಿ ಔಷಧ ಎಂದೆಂದಿಗೂ ದುಬಾರಿಯಾಗಿಯೇ ಉಳಿಯಬೇಕಿಲ್ಲ.

ಯಾರು ಯಾವ ಗುಂಪಿನವರೆಂದು ತಿಳಿಯುವುದು ಹೇಗೆ? ತಿದ್ದುವ ವ್ಯವಸ್ಥೆಯ ನಾಲ್ಕು ಪ್ರೋಟೀನುಗಳು ಇವೆಯೋ ಇಲ್ಲವೋ ಎಂದು ಗಡ್ಡೆಯ ಚೂರಿಗೆ ಬಣ್ಣ ಹಾಕಿ ನೋಡುವ ಪರೀಕ್ಷೆಯಿಂದ. ಇದಕ್ಕೆ ತಗಲುವುದು ಕೆಲವು ಸಾವಿರ ರೂಪಾಯಿ. ಹೊಸದಾಗಿ ಚೂರು ತೆಗೆಯಬೇಕಾಗಿಲ್ಲ. ಹಿಂದೆ ತೆಗೆದು ಮೇಣದ ಅಚ್ಚಿನಲ್ಲಿ ಕಾಪಿಟ್ಟ ಭಾಗದಲ್ಲೇ ಮಾಡಬಹುದು. ಇದರ ಪ್ರಯೋಜನ ರೋಗಿಗಷ್ಟೇ ಸೀಮಿತವಲ್ಲ. ಈ ಕ್ಯಾನ್ಸರ್ ಬಂದ ನೂರರಲ್ಲಿ ಸುಮಾರು ಮೂವರಿಗೆ ಆ ದೋಷ ಹುಟ್ಟಿನಿಂದಲೇ ಬಂದಿರುತ್ತದೆ. ಅಂಥ ಮನೆಗಳಲ್ಲಿ ಮಕ್ಕಳಿಗೂ ಒಡಹುಟ್ಟಿದವರಿಗೂ ದೊಡ್ಡ ಕರುಳಿನ ಮತ್ತು ಗರ್ಭಕೋಶದ ಕ್ಯಾನ್ಸರಿನ ಅಪಾಯ ಹೆಚ್ಚು. ತಾಯಿಯ ಪರೀಕ್ಷೆ ಮಗಳ ಜೀವ ಉಳಿಸಬಲ್ಲದು.

ಐದು ಲಕ್ಷದ ಮಿತಿ

ಈಗ ಹಣದ ಮಾತಿಗೆ ಬರೋಣ. ಇಮ್ಯುನೊಥೆರಪಿಯ ಪೂರ್ಣ ಪ್ರಮಾಣದ ಚಿಕಿತ್ಸೆಗೆ ಮಾರುಕಟ್ಟೆ ದರದಲ್ಲಿ ವರ್ಷಕ್ಕೆ ಹತ್ತಾರು ಲಕ್ಷ ರೂಪಾಯಿ ಬೇಕು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ನೀಡಿದೆ. ಎಪಿಎಲ್ ಕುಟುಂಬಕ್ಕೆ ದೊರೆಯುವುದು ಪ್ಯಾಕೇಜ್ ದರದ ಶೇ 30, ಅದೂ ಒಂದೂವರೆ ಲಕ್ಷದ ಮಿತಿಯೊಳಗೆ. ಶಸ್ತ್ರಚಿಕಿತ್ಸೆ, ವಿಕಿರಣ, ಹಳೆಯ ಕಿಮೊಥೆರಪಿಗಳಿಗೆ ಈ ಯೋಜನೆ ದೊಡ್ಡ ಆಸರೆಯಾಗಿದೆ, ಅನುಮಾನವಿಲ್ಲ. ಆದರೆ ಇಮ್ಯುನೊಥೆರಪಿಯ ಮಟ್ಟಿಗೆ, ಇಡೀ ಮನೆಯ ವರ್ಷದ ಹಕ್ಕನ್ನು ಒಬ್ಬರಿಗೇ ಸುರಿದರೂ ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತದೆ.

ಆರೋಗ್ಯದ ಮಾರುಕಟ್ಟೆ ಇತರ ಮಾರುಕಟ್ಟೆಗಳಂತಲ್ಲ ಎಂದು ಅರ್ಥಶಾಸ್ತ್ರಜ್ಞ ಕೆನ್ನೆತ್ ಆರೋ 1963ರಷ್ಟು ಹಿಂದೆಯೇ ಪ್ರತಿಪಾದಿಸಿದ್ದರು. ಕೊಳ್ಳುವವನಿಗೆ ಸರಕಿನ ಗುಣ ಗೊತ್ತಿರುವುದಿಲ್ಲ. ಅವನು ಮಾರುವವನನ್ನು ನಂಬಬೇಕು. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಬಲ್ಲ ರೈತ, ಪ್ರಾಣಾಂತಿಕ ರೋಗದ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಔಷಧದ ಬೆಲೆಗೆ ಚೌಕಾಸಿ ಮಾಡಲಾರ. ತನ್ನವಳು ಯಾವ ಗುಂಪಿಗೆ ಸೇರಿದವಳು ಎಂಬುದು ತಿಳಿಯದೆಯೇ ಗದ್ದೆ ಭೋಗ್ಯಕ್ಕೆ ಹಾಕಿದರೆ, ಹಣವೂ ಹೋಗಬಹುದು, ಫಲವೂ ಸಿಗದಿರಬಹುದು. ಕೆಲವು ಸಾವಿರದ ಪರೀಕ್ಷೆಯನ್ನು ಸರ್ಕಾರ ಕಡ್ಡಾಯವಾಗಿ, ಉಚಿತವಾಗಿ ಮಾಡಿಸಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿ. ಲಕ್ಷಗಳ ವ್ಯರ್ಥ ವೆಚ್ಚವನ್ನು ತಪ್ಪಿಸುವ ಪರೀಕ್ಷೆ ಅದು.

ಪರೀಕ್ಷೆಯಿಂದ ಗುರುತಿಸಲಾದ ನಾಲ್ಕನೆಯ ಒಂದು ಭಾಗದವರಿಗೆ ಔಷಧ ಕೊಡುವುದು ಹೇಗೆ? ಮೂರು ದಾರಿಗಳಿವೆ. ಮೊದಲನೆಯದು ಒಟ್ಟಾಗಿ ಕೊಳ್ಳುವುದು. 2012ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್‌ನ ಆಸ್ಪತ್ರೆಗಳು ಒಂದುಗೂಡಿ 40 ಕ್ಯಾನ್ಸರ್ ಔಷಧಗಳಿಗೆ ಚೌಕಾಸಿ ಮಾಡಿದಾಗ, ಮುದ್ರಿತ ಬೆಲೆಗೆ ಹೋಲಿಸಿದರೆ 1,300 ಕೋಟಿ ರೂಪಾಯಿಗೂ ಹೆಚ್ಚು ಉಳಿತಾಯವಾಯಿತು. ಒಬ್ಬ ರೈತ ಮಾಡಲಾರದ ಚೌಕಾಸಿಯನ್ನು ರಾಜ್ಯವೊಂದು ಮಾಡಬಲ್ಲದು. ಎರಡನೆಯದು ತೆರಿಗೆ. ಪೆಂಬ್ರೊಲಿಜುಮಾಬ್ ಮೇಲಿನ ಮೂಲ ಆಮದು ಸುಂಕವನ್ನು ಕೇಂದ್ರ ಸರ್ಕಾರ 2023ರಲ್ಲಿ ಪೂರ್ಣವಾಗಿ ಮನ್ನಾ ಮಾಡಿತು. ಅದು ಒಳ್ಳೆಯ ಹೆಜ್ಜೆ; ಆದರೆ ಲಕ್ಷಗಳ ಬೆಲೆಯಲ್ಲಿ ಶೇಕಡಾ ಹತ್ತಿಪ್ಪತ್ತರ ರಿಯಾಯಿತಿ ಕೂಲಿಕಾರ ಕುಟುಂಬಕ್ಕೆ ಬಾಗಿಲು ತೆರೆಯುವುದಿಲ್ಲ.

ಮೂರನೆಯದು ನಮ್ಮದೇ ಸಂಶೋಧನೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ತಲೆ ಮತ್ತು ಕುತ್ತಿಗೆ ಭಾಗದ ಹರಡಿದ ಕ್ಯಾನ್ಸರಿನಲ್ಲಿ, ನಿವೊಲುಮಾಬ್ ಎಂಬ ಇಮ್ಯುನೊಥೆರಪಿ ಔಷಧವನ್ನು ಸಾಮಾನ್ಯ ಪ್ರಮಾಣದ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ ಕೊಟ್ಟು ನೋಡಿದರು. ಒಂದು ವರ್ಷ ಬದುಕುಳಿದವರ ಪ್ರಮಾಣ ಶೇ 16ರಿಂದ ಶೇ 43ಕ್ಕೆ ಏರಿತೆಂದು 2022ರಲ್ಲಿ ವರದಿ ಮಾಡಿದರು. ಔಷಧ ಕಂಪನಿಗಳಿಗೆ ಕಡಿಮೆ ಪ್ರಮಾಣದ ಅಧ್ಯಯನದಲ್ಲಿ ಆಸಕ್ತಿ ಇರಲಾರದು. ಇದು ಸಾರ್ವಜನಿಕ ಸಂಸ್ಥೆಗಳೇ ಮಾಡಬೇಕಾದ ಕೆಲಸ. ಒಂದು ಕ್ಯಾನ್ಸರಿಗೆ ಹೊಂದಿದ್ದು ಇನ್ನೊಂದಕ್ಕೂ ಹೊಂದುತ್ತದೆಂದು ಊಹಿಸಬಾರದು. ಆದ್ದರಿಂದಲೇ ಗರ್ಭಕೋಶದ ಕ್ಯಾನ್ಸರಿನಲ್ಲಿಯೂ ಅಂಥ ಅಧ್ಯಯನವನ್ನು, 1973ರಿಂದ ಈ ನಾಡಿಗೆ ಸೇವೆ ಸಲ್ಲಿಸುತ್ತಿರುವ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಂಥ ಕಡೆ ರಾಜ್ಯ ಸರ್ಕಾರ ಹಣ ಕೊಟ್ಟು ನಡೆಸಬಾರದೇಕೆ?

ಮಳವಳ್ಳಿಯಿಂದ ಬೆಂಗಳೂರಿಗೆ

ಔಷಧದ ಬೆಲೆಯಷ್ಟೇ ಭಾರವಾದ ಇನ್ನೊಂದು ವೆಚ್ಚ ದೂರದ್ದು. ಈ ಭಾಗದ ಬಡವರಿಗೆ ಕ್ಯಾನ್ಸರ್ ಎಂದರೆ ಕಿದ್ವಾಯಿ, ಕಿದ್ವಾಯಿ ಎಂದರೆ ಬೆಂಗಳೂರು. ಮದ್ದೂರು, ಮಂಡ್ಯದವರಿಗೆ ರೈಲಾದರೂ ಇದೆ, ಮಳವಳ್ಳಿಗೆ ರೈಲಿಲ್ಲ. ಮೂರು ವಾರಕ್ಕೊಮ್ಮೆ ಆರು ಸಲ ಕಿಮೊಥೆರಪಿ, ಪ್ರತಿ ಸಲಕ್ಕೂ ಮುನ್ನ ರಕ್ತಪರೀಕ್ಷೆ ಮತ್ತು ತಪಾಸಣೆ. ಎರಡಕ್ಕೂ ಪ್ರತ್ಯೇಕವಾಗಿ ಹೋಗಬೇಕಾದರೆ ಹನ್ನೆರಡು ಪ್ರಯಾಣ. ಹೋಗಿಬರಲು ಸರಿಸುಮಾರು ಇನ್ನೂರು ಕಿಲೋಮೀಟರಿನಂತೆ 2,400 ಕಿಲೋಮೀಟರು. ಜೊತೆಗೆ ಹೋಗುವವರ ಕೂಲಿ, ಊಟ, ಕೆಲವೊಮ್ಮೆ ರಾತ್ರಿಯ ತಂಗುದಾಣ. ಐದು ವಾರ ದಿನಂಪ್ರತಿ ನಡೆಯುವ ವಿಕಿರಣ ಚಿಕಿತ್ಸೆಗಂತೂ ಊರು ಬಿಟ್ಟು ಅಲ್ಲೇ ಉಳಿಯಬೇಕು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಮಹಿಳೆಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಲ್ಲ. ಆದರೆ ಕಿಮೊಥೆರಪಿ ಪಡೆದು ವಾಂತಿ, ನಿಶ್ಶಕ್ತಿಯಿಂದ ಬಳಲುವ ದೇಹಕ್ಕೆ ತುಂಬಿದ ಬಸ್ಸಿನ ಮೂರು ಗಂಟೆಯ ಪ್ರಯಾಣ ಉಚಿತವಾದರೂ ಹಿಂಸೆಯೇ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಕಾರುಳ್ಳವರಿಗೆ ರಾಜಧಾನಿಯನ್ನು ಹತ್ತಿರ ತಂದಿತು. ರೋಗಿಗೆ ಆಸ್ಪತ್ರೆಯನ್ನು ಹತ್ತಿರ ತರುವುದು ಇನ್ನೊಂದು ಬಗೆಯ ಕಾಮಗಾರಿ.

ಆ ಕಾಮಗಾರಿಯ ತಳಹದಿ ಮಂಡ್ಯದಲ್ಲಿಯೇ ಇದೆ. 2006ರಲ್ಲಿ ಸ್ಥಾಪನೆಯಾದ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಮಿಮ್ಸ್, ಕೇಂದ್ರ ಸರ್ಕಾರದ ಕ್ಯಾನ್ಸರ್ ಆರೈಕೆ ಬಲವರ್ಧನೆ ಯೋಜನೆಯಲ್ಲಿ ತೃತೀಯ ಹಂತದ ಕ್ಯಾನ್ಸರ್ ಆರೈಕೆ ಕೇಂದ್ರವಾಗಿ ಆಯ್ಕೆಯಾಗಿದೆ. ಅದೇ ಯೋಜನೆಯಲ್ಲಿ ಕಿದ್ವಾಯಿಯನ್ನು ರಾಜ್ಯ ಕ್ಯಾನ್ಸರ್ ಸಂಸ್ಥೆಯೆಂದು ಗುರುತಿಸಲಾಯಿತು. ರಾಜ್ಯ ಸರ್ಕಾರ 2025ರಲ್ಲಿ 16 ಜಿಲ್ಲೆಗಳಲ್ಲಿ ಹಗಲು ಆರೈಕೆಯ ಕಿಮೊಥೆರಪಿ ಕೇಂದ್ರಗಳನ್ನು ಆರಂಭಿಸುವ ಕಾರ್ಯಕ್ರಮ ಕೈಗೊಂಡಿತು. ಮೂರು ವರ್ಷಗಳಲ್ಲಿ ದೇಶದ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಇಂಥ ಕೇಂದ್ರ ತೆರೆಯುವುದಾಗಿ 2025–26ರ ಕೇಂದ್ರ ಬಜೆಟ್ ಘೋಷಿಸಿತು. ಕಾರ್ಬೊಪ್ಲಾಟಿನ್–ಪ್ಯಾಕ್ಲಿಟಾಕ್ಸೆಲ್ ಕೊಡಲು ದೊಡ್ಡ ಸಂಸ್ಥೆಯೇ ಬೇಕೆಂದಿಲ್ಲ. ಮೊದಲ ಬಾರಿ ತಜ್ಞರು ಯೋಜನೆ ಹಾಕಿಕೊಟ್ಟ ಮೇಲೆ, ತರಬೇತಿ ಪಡೆದ ವೈದ್ಯರು ಮತ್ತು ದಾದಿಯರಿದ್ದರೆ ಉಳಿದ ಐದು ಬಾರಿಯದನ್ನು ಮಂಡ್ಯದಲ್ಲೇ ಕೊಡಬಹುದು. ರಕ್ತಪರೀಕ್ಷೆಯನ್ನು ಮದ್ದೂರು, ಮಳವಳ್ಳಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಮಾಡಿ ವರದಿ ಕಳುಹಿಸಬಹುದು. ಕಟ್ಟಡ, ಯಂತ್ರಗಳ ಉದ್ಘಾಟನೆಗೆ ತೋರುವ ಉತ್ಸಾಹವನ್ನು ಹುದ್ದೆ ತುಂಬುವುದರಲ್ಲೂ ತೋರಬೇಕು. ಯಂತ್ರವಿದ್ದು ತಂತ್ರಜ್ಞರಿಲ್ಲದ ಕಡೆ ಚಿಕಿತ್ಸೆ ನಡೆಯುವುದಿಲ್ಲ.

ಸಣ್ಣದಾಗಿ ಕಂಡರೂ ದೊಡ್ಡ ಪರಿಣಾಮದ ಇನ್ನೊಂದು ಕ್ರಮವಿದೆ. ರಕ್ತಸ್ರಾವದ ತೊಂದರೆಗೆಂದು ಗರ್ಭಕೋಶ ತೆಗೆಯುವ ಪ್ರತಿಯೊಂದು ಆಸ್ಪತ್ರೆಯೂ, ಸರ್ಕಾರಿಯಾಗಲಿ ಖಾಸಗಿಯಾಗಲಿ, ತೆಗೆದ ಅಂಗವನ್ನು ಅಂಗಾಂಶ ಪರೀಕ್ಷೆಗೆ ಕಳುಹಿಸಲೇಬೇಕು. ವರದಿಯನ್ನೂ ಮೇಣದ ಅಚ್ಚು ಎಲ್ಲಿದೆ ಎಂಬ ವಿವರವನ್ನೂ ಮನೆಯವರಿಗೆ ಲಿಖಿತವಾಗಿ ಕೊಡಬೇಕು. ಪರೀಕ್ಷೆಗೆ ಹೋಗದ ಅಂಗದಲ್ಲಿ ಕ್ಯಾನ್ಸರ್ ಅಡಗಿದ್ದರೆ, ಅದು ಮುಂದೆ ‘ಹರಡಿದ’ ರೂಪದಲ್ಲಿಯೇ ಪ್ರಕಟವಾಗುತ್ತದೆ. ವಿಮಾ ಯೋಜನೆಯ ಹಣ ಬಿಡುಗಡೆಗೆ ಈ ವರದಿಯನ್ನು ಷರತ್ತಾಗಿಸಿದರೆ ಒಂದು ಸುತ್ತೋಲೆಯಲ್ಲಿ ಮುಗಿಯುವ ಕೆಲಸ ಇದು.

ನೋವಿನ ಲೆಕ್ಕ

ಎಲ್ಲ ಚಿಕಿತ್ಸೆಯ ನಂತರವೂ ಹಲವರಲ್ಲಿ ರೋಗವೇ ಗೆಲ್ಲುತ್ತದೆ. ಇದನ್ನು ಮರೆಮಾಚಿ ಆಸೆ ಹುಟ್ಟಿಸುವುದು ಅನ್ಯಾಯ. ಅಂಥವರಿಗೆ ಉಪಶಾಮಕ ಆರೈಕೆ ಕೊನೆಯ ದಿನಗಳಲ್ಲಿ ನೆನಪಾಗುವ ಸಂಗತಿ ಆಗಬಾರದು. ರೋಗ ಹರಡಿದೆಯೆಂದು ತಿಳಿದ ದಿನವೇ ಆರಂಭವಾಗಬೇಕು. ತೀವ್ರ ನೋವಿಗೆ ಬಾಯಿಯ ಮೂಲಕ ಕೊಡುವ ಮಾರ್ಫಿನ್ ಅಗ್ಗವೂ ಪರಿಣಾಮಕಾರಿಯೂ ಆದ ಔಷಧ. ಅದನ್ನು ಆಸ್ಪತ್ರೆಗಳು ಇಟ್ಟುಕೊಳ್ಳಲು ಇದ್ದ ಹಲವು ಪರವಾನಗಿಗಳ ಗೋಜಲನ್ನು 2014ರ ಕಾನೂನು ತಿದ್ದುಪಡಿ ಸರಳಗೊಳಿಸಿತು. ಕರ್ನಾಟಕ 2016ರಲ್ಲಿ ಉಪಶಾಮಕ ಆರೈಕೆ ನೀತಿಯನ್ನೂ ರೂಪಿಸಿತು. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ಈ ಸೇವೆಯನ್ನು ಉಚಿತವಾಗಿ ನೀಡುತ್ತಾ ಬಂದಿವೆ. ಆದರೆ ನೀತಿಯ ಫಲ ತಿಳಿಯುವುದು ಮಳವಳ್ಳಿಯ ಹಳ್ಳಿಯೊಂದರಲ್ಲಿ ರಾತ್ರಿ ನರಳುವ ಜೀವಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್ ಸಿಗುತ್ತದೆಯೇ ಎಂಬುದರಿಂದ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೂ ದಾದಿಯರಿಗೂ ಇದರಲ್ಲಿ ತರಬೇತಿ ಕೊಟ್ಟರೆ, ಕೊನೆಯ ದಿನಗಳು ಸ್ವಂತ ಮನೆಯಲ್ಲಿ, ನೋವಿಲ್ಲದೆ ಕಳೆಯುವುದು ಸಾಧ್ಯ.

ಇಲ್ಲಿಯೇ ಹೇಳಬೇಕಾದ ಇನ್ನೊಂದು ಮಾತು: ರೋಗಿಯನ್ನು ಕೇಳುವವರು ಯಾರು? ಗಂಡ, ಗಂಡುಮಕ್ಕಳು, ಅಳಿಯ ಸೇರಿ ತೀರ್ಮಾನ ಮಾಡುತ್ತಾರೆ. ‘ಅವ್ವನಿಗೆ ಹೇಳಬೇಡಿ’ ಎಂದು ವೈದ್ಯರ ಕೈಹಿಡಿಯುತ್ತಾರೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ, ನಿಜ. ಆದರೆ ಇನ್ನು ಮೂರು ಬಾರಿ ಕಿಮೊಥೆರಪಿ ಬೇಕೇ, ಗದ್ದೆ ಕಳೆದು ಆರು ತಿಂಗಳು ಕೊಳ್ಳಬೇಕೇ, ಮಾತ್ರೆ ನುಂಗಿಕೊಂಡು ಮೊಮ್ಮಕ್ಕಳ ಜೊತೆ ಇರಬೇಕೇ ಎಂದು ನಿರ್ಧರಿಸುವ ಅಧಿಕಾರ ಮೊದಲು ಆ ತಾಯಿಗೆ ಸೇರಿದ್ದು. ಜೀವನವಿಡೀ ಮನೆಯ ಲೆಕ್ಕಾಚಾರ ನಿಭಾಯಿಸಿದ ಹೆಂಗಸಿಗೆ ಈ ಲೆಕ್ಕ ಅರ್ಥವಾಗುವುದಿಲ್ಲವೆಂದು ಭಾವಿಸುವುದು ಸರಿಯಲ್ಲ.

ಆಕ್ಷೇಪವೊಂದನ್ನು ನಿರೀಕ್ಷಿಸಬಹುದು. ಸೀಮಿತ ಹಣವನ್ನು ಹೆಚ್ಚು ಜನರನ್ನು ಕಾಡುವ ರೋಗಗಳಿಗೆ, ಮುಂಜಾಗ್ರತೆಗೆ ಬಳಸುವುದು ಲೇಸಲ್ಲವೇ ಎಂಬುದು ಅದು. ನ್ಯಾಯವಾದ ಪ್ರಶ್ನೆ. ನಾನು ಸೂಚಿಸಿದ ಕ್ರಮಗಳಲ್ಲಿ ಹೆಚ್ಚಿನವು ಈ ಒಂದು ರೋಗಕ್ಕೆ ಸೀಮಿತವಲ್ಲ ಎಂಬುದು ನನ್ನ ಉತ್ತರ. ಮಂಡ್ಯದ ಕಿಮೊಥೆರಪಿ ಕೇಂದ್ರ ಸ್ತನ ಕ್ಯಾನ್ಸರಿನವರಿಗೂ ಬೇಕು, ತಾಲ್ಲೂಕಿನ ಮಾರ್ಫಿನ್ ಬಾಯಿ ಕ್ಯಾನ್ಸರಿನವರಿಗೂ ಬೇಕು, ನಾಲ್ಕು ಪ್ರೋಟೀನುಗಳ ಪರೀಕ್ಷೆ ಕರುಳಿನ ಕ್ಯಾನ್ಸರಿನಲ್ಲೂ ಬಳಕೆಯಾಗುತ್ತದೆ. ಮುಟ್ಟು ನಿಂತ ಮೇಲಿನ ರಕ್ತಸ್ರಾವವನ್ನು ತಕ್ಷಣ ಪರೀಕ್ಷಿಸುವ ವ್ಯವಸ್ಥೆಯಂತೂ ಮುಂಜಾಗ್ರತೆಯೇ. ಇಂದು ಅದಕ್ಕೆ ಹಾಕುವ ಒಂದು ರೂಪಾಯಿ ನಾಳೆಯ ಇಮ್ಯುನೊಥೆರಪಿಯ ಎಷ್ಟೋ ರೂಪಾಯಿಗಳನ್ನು ಉಳಿಸುತ್ತದೆ. ಈ ರೋಗಕ್ಕೇ ಮೀಸಲಾದ ದುಬಾರಿ ಭಾಗವೆಂದರೆ ಇಮ್ಯುನೊಥೆರಪಿ ಮಾತ್ರ. ಅದನ್ನು ಪಡೆಯಬೇಕಾದವರು ಜಿಲ್ಲೆಯೊಂದರಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಮಂದಿ. ಸಂಖ್ಯೆ ಚಿಕ್ಕದೆಂಬುದು ಅವರನ್ನು ಕೈಬಿಡಲು ಕಾರಣವಾಗಬಾರದು. ಚಿಕ್ಕದಾದ್ದರಿಂದಲೇ ರಾಜ್ಯದ ಬೊಕ್ಕಸ ಆ ಭಾರ ಹೊರಬಲ್ಲದು.

ಆರೋಗ್ಯ ಇಲಾಖೆ ಮುಂದಿನ ಬಜೆಟ್‌ಗೆ ಮುನ್ನ ಐದು ಕೆಲಸಗಳನ್ನು ಕೈಗೆತ್ತಿಕೊಳ್ಳಲಿ. ಗರ್ಭಕೋಶದ ಕ್ಯಾನ್ಸರ್ ದೃಢಪಟ್ಟ ಪ್ರತಿ ಮಹಿಳೆಗೂ ನಾಲ್ಕು ಪ್ರೋಟೀನುಗಳ ಪರೀಕ್ಷೆಯನ್ನು ಆರೋಗ್ಯ ಕರ್ನಾಟಕ ಯೋಜನೆಗೆ ಸೇರಿಸಲಿ. ತಿದ್ದುವ ವ್ಯವಸ್ಥೆ ಕೆಟ್ಟಿರುವವರಿಗೆ ಇಮ್ಯುನೊಥೆರಪಿಯನ್ನು ಕುಟುಂಬದ ಐದು ಲಕ್ಷದ ಮಿತಿಯಿಂದ ಹೊರಗಿಟ್ಟು, ಸಗಟು ಖರೀದಿಯ ಮೂಲಕ ಒದಗಿಸಲಿ. ಮಿಮ್ಸ್‌ನ ಕ್ಯಾನ್ಸರ್ ಹುದ್ದೆಗಳನ್ನು ತುಂಬಲಿ. ತೆಗೆದ ಪ್ರತಿ ಗರ್ಭಕೋಶದ ಅಂಗಾಂಶ ಪರೀಕ್ಷೆಯನ್ನು ಕಡ್ಡಾಯಗೊಳಿಸಲಿ. ಮದ್ದೂರು, ಮಳವಳ್ಳಿಯಂಥ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಮಾರ್ಫಿನ್ ಮತ್ತು ಅದನ್ನು ಕೊಡಬಲ್ಲ ತರಬೇತಾದ ವೈದ್ಯರು ಇರುವಂತೆ ನೋಡಿಕೊಳ್ಳಲಿ. ಇವುಗಳಲ್ಲಿ ಮೂರಕ್ಕೆ ಹೊಸ ಕಟ್ಟಡವಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ. ಆದೇಶ ಮತ್ತು ಮೇಲ್ವಿಚಾರಣೆ ಸಾಕು. ಉಳಿದ ಎರಡಕ್ಕೆ ಹಣ ಬೇಕು. ಆ ಹಣವನ್ನು ಇಂದು ಒದಗಿಸುತ್ತಿರುವವರು ಗದ್ದೆ ಭೋಗ್ಯಕ್ಕೆ ಹಾಕುವ ರೈತ ಕುಟುಂಬಗಳು ಎಂಬುದನ್ನು ಬಜೆಟ್ ಬರೆಯುವವರು ಮರೆಯಬಾರದು.